ಟಂಕಸಾಲೆ ಇದ್ದ ಊರಿನಲ್ಲಿ ಒಂದು ಹಗಲು

ಲಕ್ಕುಂಡಿಗೆ ಬಂದವರು ಸಾಮಾನ್ಯವಾಗಿ ಎರಡು ಗುಡಿ ನೋಡಿ, ನಾಲ್ಕು ಫೋಟೋ ಹೊಡೆದುಕೊಂಡು ಹಂಪಿ ದಾರಿ ಹಿಡಿಯುತ್ತಾರೆ. ಅವರ ತಪ್ಪೂ ಅಲ್ಲ. ಗದಗ–ಹೊಸಪೇಟೆ ಹೆದ್ದಾರಿ ಊರನ್ನು ಒರೆಸಿಕೊಂಡೇ ಹೋಗುತ್ತದೆ. ಗದಗದಿಂದ ಸುಮಾರು 12 ಕಿ.ಮೀ. ಅಷ್ಟೇ. ಕಾರು ನಿಲ್ಲಿಸಿ ಇಳಿಯುವುದು, ಮತ್ತೆ ಹತ್ತುವುದು. ನನಗೆ ಆ ಅವಸರ ಇರಲಿಲ್ಲ. ಗದಗಿನಲ್ಲಿ ನೆಂಟರ ಮದುವೆ ಮುಗಿದಿತ್ತು, ವಾಪಸ್ ರೈಲು ರಾತ್ರಿಗೆ. ಇಡೀ ಹಗಲು ಕೈಯಲ್ಲಿತ್ತು.

ಜನವರಿ ತಿಂಗಳು. ಬಸ್ಸಿನ ಕಿಟಕಿಯ ಎರಡೂ ಕಡೆ ಎರೆ ಹೊಲ, ಅದರಲ್ಲಿ ಕಡಲೆ, ಬಿಳಿಜೋಳ. ದೂರದಲ್ಲಿ ಕಪ್ಪತಗುಡ್ಡದ ಸಾಲು. ನಡುನಡುವೆ ಗಾಳಿಯಿಂದ ಕರೆಂಟು ಮಾಡುವ ದೊಡ್ಡ ದೊಡ್ಡ ಕಂಬಗಳು. ಇಲ್ಲಿಯವರು ಅವನ್ನು ಸುಮ್ನೆ ‘ಫ್ಯಾನ್’ ಅನ್ನುತ್ತಾರೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಚೀಲದಿಂದ ಒಂದು ಹಿಡಿ ಸುಲಗಾಯಿ ತೆಗೆದು ನನ್ನ ಕೈಗೆ ಹಾಕಿ, ‘ತಿನ್ರಿ, ಇನ್ನ ಎಳಿ ಅದಾವು’ ಅಂದರು. ಗುರುತಿಲ್ಲ, ಪರಿಚಯವಿಲ್ಲ. ಹಸಿ ಕಡಲೆ ಸುಲಿದು ತಿನ್ನುವಷ್ಟರಲ್ಲಿ ಊರು ಬಂತು.

ಇಳಿದಾಗ ಕಂಡದ್ದು ಸಾಧಾರಣ ಹಳ್ಳಿ. ಚಹಾದಂಗಡಿ, ಗೊಬ್ಬರದ ಅಂಗಡಿ, ಪಂಚಾಯ್ತಿಯ ಬೋರ್ಡು. ಈ ಊರಿನಲ್ಲಿ ಒಂದು ಕಾಲಕ್ಕೆ ಚಿನ್ನದ ನಾಣ್ಯ ಟಂಕಿಸುತ್ತಿದ್ದರು ಅಂದರೆ ನಂಬುವುದು ಕಷ್ಟ. ಆದರೆ ಟಂಕಸಾಲೆ ಇದ್ದದ್ದು ನಿಜ. ಶಾಸನಗಳಲ್ಲಿ ಇದರ ಹೆಸರು ಲೊಕ್ಕಿಗುಂಡಿ. ಇಲ್ಲಿನ ಗದ್ಯಾಣ ಎಂಬ ಚಿನ್ನದ ನಾಣ್ಯಕ್ಕೆ ಊರಿನ ಹೆಸರೇ ಅಂಟಿಕೊಂಡಿತ್ತು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬೆಳೆದ ಊರು ಇದು. ಆಮೇಲೆ ಹೊಯ್ಸಳರ ಇಮ್ಮಡಿ ಬಲ್ಲಾಳ ಇಲ್ಲೇ ಹತ್ತಿರದ ಸೊರಟೂರಿನಲ್ಲಿ ಸೇವುಣರನ್ನು ಸೋಲಿಸಿ, 1192ರ ಹೊತ್ತಿಗೆ ತನ್ನ ರಾಜಧಾನಿ ದೋರಸಮುದ್ರ ಬಿಟ್ಟು ಇಲ್ಲಿ ಬಿಡಾರ ಹೂಡಿದ. ಅಂದರೆ ಕೆಲವು ಕಾಲ ಇದು ರಾಜಧಾನಿ. ಈಗ ಇದಕ್ಕೆ ತಾಲ್ಲೂಕು ಕೇಂದ್ರದ ಪಟ್ಟವೂ ಇಲ್ಲ. ನನಗೆ ಕುತೂಹಲ ಇದ್ದದ್ದು ಅಲ್ಲೇ. ರಾಜ, ದುಡ್ಡು, ಸೈನ್ಯ ಎಲ್ಲ ಹೋದಮೇಲೆ ಉಳಿದ ಊರು ಹೇಗೆ ಬದುಕುತ್ತದೆ?

ನನ್ನೇಶ್ವರ ಗುಡಿಯ ಕಟ್ಟೆಯ ಮೇಲೆ ಪಟಗ ಸುತ್ತಿದ ಅಜ್ಜ ಒಬ್ಬರು ಕೂತಿದ್ದರು. ‘ಬಾವಿ ನೋಡಿದ್ರ್ಯಾ?’ ಅಂತ ಕೇಳಿದರು. ಗುಡಿ ನೋಡಿದಿರಾ ಅಂತ ಅಲ್ಲ, ಬಾವಿ! ಆಮೇಲೆ ಸಿಕ್ಕವರಲ್ಲೂ ಸುಮಾರು ಜನ ಇದನ್ನೇ ಕೇಳಿದರು. ಊರಿನವರ ಬಾಯಲ್ಲಿ ಇಲ್ಲಿ 101 ಗುಡಿ, 101 ಬಾವಿ. ಅದು ಎಣಿಸಿದ ಲೆಕ್ಕಕ್ಕಿಂತ ಜಾಸ್ತಿ ಅಭಿಮಾನ. ಹೆಸರು ಹಿಡಿದು ಕರೆಯುವ ಬಾವಿಗಳಂತೂ ಇವೆ: ಮುಸುಕಿನ ಬಾವಿ, ಛಬ್ಬೇರ ಬಾವಿ, ಕನ್ನೇರ ಬಾವಿ. ಮಳೆ ಕೈಕೊಡುವ ಬಯಲು ಸೀಮೆಯಲ್ಲಿ ಊರು ದೊಡ್ಡದಾಗಬೇಕಾದರೆ ದೇವರಿಗಿಂತ ಮೊದಲು ನೀರು ಬೇಕಲ್ವಾ.

ಅಜ್ಜನ ಮಾತು ಕೇಳಿ ಮಾಣಿಕೇಶ್ವರ ಗುಡಿಯ ಕಡೆ ನಡೆದೆ. ಗುಡಿಗೆ ತಾಗಿದಂತೆ ಮುಸುಕಿನ ಬಾವಿ. ಬಾವಿ ಅಂದರೆ ದುಂಡಗಿನ ಕಟ್ಟೆ, ರಾಟೆ ಅಂದುಕೊಂಡರೆ ಆಗಲಿಲ್ಲ. ನೆಲದೊಳಗೆ ಇಳಿಯುತ್ತಾ ಹೋಗುವ ಮೆಟ್ಟಿಲುಗಳ ಕಟ್ಟಡ ಇದು. ಮೆಟ್ಟಿಲು ಸಾಲಿನ ನಡುವೆ ಗೋಡೆಯಲ್ಲಿ ಪುಟ್ಟ ಪುಟ್ಟ ಗೂಡುಗಳು. ಒಂದೊಂದೂ ಒಂದೊಂದು ಗುಡಿಯೇ. ಕಂಬ ಇದೆ, ಮೇಲೆ ಶಿಖರ ಇದೆ, ಒಳಗೆ ಮಾತ್ರ ದೇವರಿಲ್ಲ. ಕೆಳಗೆ ಹಸಿರು ಬಣ್ಣದ ನೀರು. ಮೇಲೆ ಬಿಸಿಲು ಸುಡುತ್ತಿದ್ದರೂ ಐದಾರು ಮೆಟ್ಟಿಲು ಇಳಿದರೆ ಸಾಕು, ತಂಪು. ನೀರಿನ ಮಟ್ಟ ಎಷ್ಟೇ ಕೆಳಗೆ ಹೋಗಲಿ, ಕೊಡ ಹಿಡಿದವರು ಅದರ ಬೆನ್ನು ಹತ್ತಿ ಇಳಿಯಬಹುದು. ಹಗ್ಗ ಉದ್ದ ಮಾಡಬೇಕಾಗಿಲ್ಲ. ಬರಗಾಲವನ್ನು ನೋಡಿ ಬಲ್ಲವರು ಕಟ್ಟಿಸಿದ್ದು ಇದು.

ಗುಡಿಗಳ ವಿಷಯಕ್ಕೆ ಬರುತ್ತೇನೆ. ಕಾಶಿವಿಶ್ವೇಶ್ವರ ಎಲ್ಲರಿಗೂ ಗೊತ್ತಿರುವುದು. ಎದುರು ಬದುರು ಎರಡು ಗರ್ಭಗುಡಿ, ಒಂದು ಶಿವನಿಗೆ, ಇನ್ನೊಂದು ಸೂರ್ಯನಿಗೆ. ಬಾದಾಮಿ, ಪಟ್ಟದಕಲ್ಲಿನವರಿಗೆ ಮರಳುಗಲ್ಲು ಸಿಕ್ಕಿತ್ತು. ಇಲ್ಲಿಯವರು ಆರಿಸಿಕೊಂಡಿದ್ದು ಬಳಪದ ಜಾತಿಯ ಕಲ್ಲು. ಅದು ಉಳಿಗೆ ಬೇಗ ಬಗ್ಗುತ್ತದೆ, ಗಾಳಿಗೆ ಬಿಟ್ಟಮೇಲೆ ಗಟ್ಟಿಯಾಗುತ್ತದೆ. ಬೇಲೂರು, ಹಳೇಬೀಡಿನ ಕುಸುರಿಗೆ ಮೊದಲೇ ಈ ಭಾಗದ ಕೆಲಸಗಾರರ ಕೈ ಈ ಕಲ್ಲಿನಲ್ಲಿ ಪಳಗಿತ್ತು. ಬಾಗಿಲವಾಡದಲ್ಲಿ ಬಳ್ಳಿ, ಅದರ ಸುರುಳಿಯೊಳಗೆ ಬೆರಳುದ್ದದ ಗೊಂಬೆಗಳು. ಅಲ್ಲಿದ್ದ ಕಾವಲಿನವರು ಒಂದು ಊದುಬತ್ತಿ ಕಡ್ಡಿ ತೆಗೆದು ಬಳ್ಳಿಯ ಹಿಂದಿನಿಂದ ತೂರಿಸಿ, ಈ ಕಡೆಯಿಂದ ಎಳೆದು ತೋರಿಸಿದರು. ಕಲ್ಲಿನ ಹಿಂದೆ ಕಲ್ಲಿಲ್ಲ! ಎದುರಿನ ನನ್ನೇಶ್ವರ ಅಷ್ಟು ಸಿಂಗಾರದ್ದಲ್ಲ, ಆದರೆ ನನಗೆ ಅದೇ ಹಿಡಿಸಿತು. ಅದರ ಕಂಬಗಳನ್ನು ತಿರುಗಣಿಗೆ ಹಾಕಿ ಕಡೆದಿದ್ದಾರೆ. ಬಳೆ ಅಂಗಡಿಯಲ್ಲಿ ಬಳೆ ಪೇರಿಸಿದಂತೆ ಉಂಗುರದ ಮೇಲೆ ಉಂಗುರ. ಉಗುರು ಜಾರಿಸಿ ನೋಡಿದೆ, ಎಲ್ಲೂ ತಡೆಯಲಿಲ್ಲ. ಆಳೆತ್ತರ ಮೀರಿದ ಕಲ್ಲನ್ನು ಸಮ ತೂಕದಲ್ಲಿ ತಿರುಗಿಸುವುದು ಇರಲಿ, ನಿಲ್ಲಿಸುವುದೇ ಕಷ್ಟ.

ಬ್ರಹ್ಮ ಜಿನಾಲಯದಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಅದನ್ನು ಕಟ್ಟಿಸಿದವಳು ಅತ್ತಿಮಬ್ಬೆ. ಅಲ್ಲಿನ ಶಾಸನ 1007ರದ್ದು, ಚಾಲುಕ್ಯ ದೊರೆ ಇರಿವಬೆಡಂಗ ಸತ್ಯಾಶ್ರಯನ ಕಾಲ. ಅವಳ ಗಂಡ ನಾಗದೇವ ತೀರಿಕೊಂಡಾಗ, ಅವನನ್ನೇ ಮದುವೆಯಾಗಿದ್ದ ತಂಗಿ ಗುಂಡಮಬ್ಬೆ ಚಿತೆ ಏರಿದಳು. ಅತ್ತಿಮಬ್ಬೆ ಉಳಿದಳು. ಮಗ ಅಣ್ಣಿಗದೇವನನ್ನು ಬೆಳೆಸಿದಳು. 993ರಲ್ಲಿ ರನ್ನ ‘ಅಜಿತಪುರಾಣ’ ಬರೆದದ್ದು ಅವಳ ಆಶ್ರಯದಲ್ಲಿ. ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಆ ಕಾವ್ಯವನ್ನು ಮೊದಲು ಬರೆಸಿದವರು ಅವಳ ಅಪ್ಪ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ.

ಈ ಸಾವಿರ ಪ್ರತಿಯನ್ನು ಶಾಲೆಯಲ್ಲಿ ಒಂದು ಮಾರ್ಕಿನ ಪ್ರಶ್ನೆಗೆ ಬಾಯಿಪಾಠ ಮಾಡಿದ್ದೆವು. ಆ ಕಲ್ಲಿನ ನೆಲದ ಮೇಲೆ ಕೂತಾಗ ಅದರ ಕೆಲಸ ಎಷ್ಟೆಂದು ಲೆಕ್ಕ ಹಾಕಿದೆ. ತಾಳೆಗರಿ ತರಿಸಬೇಕು. ಬೇಯಿಸಿ, ಒಣಗಿಸಿ, ತಿಕ್ಕಿ ನಯ ಮಾಡಿ, ಒಂದೇ ಅಳತೆಗೆ ಕತ್ತರಿಸಬೇಕು. ದಾರಕ್ಕೆ ತೂತು ಹಾಕಬೇಕು. ಚೂಪು ಮೊನೆಯ ಕಬ್ಬಿಣದ ಕಂಟದಿಂದ ಗರಿ ಹರಿಯದಂತೆ ಒಂದೊಂದೇ ಅಕ್ಷರ ಕೊರೆಯಬೇಕು, ಆಮೇಲೆ ಮಸಿ ಸವರಿ ಒರೆಸಬೇಕು. ಒಂದು ಪ್ರತಿಯೇ ತಿಂಗಳುಗಟ್ಟಲೆ ಕೆಲಸ. ಬರೆಯುವವರಿಗೆ ಊಟ, ಸಂಬಳ, ಕೂರಲು ಜಾಗ. ಇಷ್ಟೆಲ್ಲ ನಡೆಯಬೇಕಾದರೆ ದಾನಬುದ್ಧಿ ಒಂದೇ ಸಾಲದು. ಜನರನ್ನು ಕೂಡಿಸಿ ಕೆಲಸ ತೆಗೆಯುವ ತಾಕತ್ತು ಬೇಕು. ‘ದಾನಚಿಂತಾಮಣಿ’ ಅಂತ ಅವಳನ್ನು ಹೊಗಳುವಾಗ ಈ ಆಡಳಿತದ ಮಾತನ್ನು ನಾವು ಆಡುವುದೇ ಇಲ್ಲ.

ಮಧ್ಯಾಹ್ನ ಓಣಿಗಳಲ್ಲಿ ಸುತ್ತಿದೆ. ನಿಜವಾದ ಲಕ್ಕುಂಡಿ ಇರುವುದು ಇಲ್ಲಿ. ಎರಡು ಮನೆ ನಡುವೆ ಒಂದು ಗುಡಿ, ಅದರ ಗೋಡೆಗೆ ಒರಗಿಸಿದ ಕುಂಟೆ, ಕೂರಿಗೆ. ಒಂದು ಮನೆಯ ಮುಂದೆ ಬಟ್ಟೆ ಒಗೆಯುವ ಕಲ್ಲಿನ ಅಂಚಿನಲ್ಲಿ ಹೂಬಳ್ಳಿಯ ಕೆತ್ತನೆ. ಮತ್ತೊಂದು ಕಡೆ ಎಮ್ಮೆ ಕಟ್ಟಿದ್ದ ಗೂಟವೇ ಮುರಿದ ಕಂಬ. ನೋಡಿದ ತಕ್ಷಣ ‘ಅಯ್ಯೋ’ ಅನ್ನಿಸಿದ್ದು ಹೌದು. ಆದರೆ ಯೋಚಿಸಿ ನೋಡಿ, ಯಾರೂ ಅವನ್ನು ಒಡೆದು ಜಲ್ಲಿ ಮಾಡಿಲ್ಲ, ಲಾರಿಗೆ ಹೇರಿ ಮಾರಿಲ್ಲ. 2024ರಲ್ಲಿ ಸರ್ಕಾರದವರು ಮನೆ ಮನೆ ತಿರುಗಿ ಹಳೆಯ ಕಲ್ಲುಗಳನ್ನು ಕೇಳಿದಾಗ ಜನ ಕೊಟ್ಟರು. ಕೊಡಲು ಇಷ್ಟು ವರ್ಷ ಅವು ಅಂಗಳದಲ್ಲೇ ಉಳಿದಿದ್ದವಲ್ಲ!

ಅದೇ ಓಣಿಯಲ್ಲಿ ಒಬ್ಬ ತಾಯಿ ಜಗುಲಿ ಮೇಲೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ‘ಕುಂದರ್ರಿ, ನೀರು ಕುಡೀತೀರೇನು’ ಅಂದರು. ಊರಿನ ನೆಲ ಅಗೆದು ಹಳೆಯದನ್ನು ಹುಡುಕುವ ಉತ್ಖನನದ ಮಾತು ತೆಗೆದೆ. ‘ನಮ್ಮ ಮನಿ ಬುಡಕೂ ಗುಡಿ ಐತಿ ಅಂತಾರ್ರಿ. ಇದ್ದರ ಇರವಲ್ದ್ಯಾಕ. ಆದ್ರ ನಾವು ಎಲ್ಲಿ ಹೋಗೂಣು?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಂಪಿಯ ಬಜಾರಿನಲ್ಲಿದ್ದ ಮನೆ, ಅಂಗಡಿಗಳನ್ನು 2011ರಲ್ಲಿ ಕೆಡವಿದ್ದು ಗೊತ್ತೇ ಇದೆ. ಈಗ ಆ ಬೀದಿ ಚೊಕ್ಕಟವಾಗಿದೆ, ಸಂಜೆಯಾದರೆ ಖಾಲಿ. ಮಣ್ಣಿನಡಿ ಏನಿದೆ ಎಂದು ತಿಳಿಯಬೇಕು, ನಿಜ. ಆದರೆ ಲಕ್ಕುಂಡಿಯನ್ನೂ ಬೇಲಿ ಹಾಕಿ, ಲಾನ್ ಬೆಳೆಸಿ, ಟಿಕೆಟಿನ ಊರು ಮಾಡಿದರೆ ಅಲ್ಲಿ ಗುಡಿ ಉಳಿದೀತು, ಊರು ಹೋದೀತು. ಅಗೆಯುವವರು ಮೊದಲು ಆ ತಾಯಿಯ ಪ್ರಶ್ನೆಗೆ ಉತ್ತರ ಕೊಡಲಿ ಎಂಬುದು ನನ್ನ ಪಕ್ಷ.

ಡಂಬಳಕ್ಕೂ ಹೋಗಬೇಕೆಂದಿದ್ದೆ. ನಕ್ಷತ್ರದಾಕಾರದ ದೊಡ್ಡಬಸಪ್ಪನ ಗುಡಿ ಇರುವುದು ಅಲ್ಲಿ. ಮಾತಿನಲ್ಲಿ ಹೊತ್ತು ಇಳಿದು ಅದು ಆಗಲಿಲ್ಲ. ನೀವು ಹೋಗುವುದಾದರೆ ಬೆಳಗ್ಗೆ ಬೇಗ ಹೋಗಿ, ಚಳಿಗಾಲದಲ್ಲೇ ಹೋಗಿ, ಬೇಸಿಗೆಯ ಬಿಸಿಲಿಗೆ ಕಲ್ಲಿನ ಮೇಲೆ ಕಾಲಿಡಲಾಗದು. ಮೊದಲು ಬಾವಿಗಳಿಗೆ ಇಳಿಯಿರಿ, ಆಮೇಲೆ ಗುಡಿ. ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಭಜಿ ಕರಿಯುವವರು ಸಂಜೆ ನಾಲ್ಕರ ಹೊತ್ತಿಗೆ ಒಲೆ ಹಚ್ಚುತ್ತಾರೆ. ಗದಗಿನ ಬಸ್ಸು ಒಂದು ತಪ್ಪಿದರೂ ಚಿಂತೆಯಿಲ್ಲ, ಇನ್ನೊಂದು ಬರುತ್ತದೆ.