ಪ್ಲಾಸ್ಟರ್ ಬಿಚ್ಚಿದ ಕೈ

ಕಳೆದ ಮಳೆಗಾಲದಲ್ಲಿ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪವಿರುವ ನಮ್ಮ ಅಡಿಕೆ ತೋಟಕ್ಕೆ ಇಳಿಯುವ ಹಾವಸೆ ಕಟ್ಟಿದ ಕಲ್ಲುಮೆಟ್ಟಿಲಿನಲ್ಲಿ ಜಾರಿ ಬಿದ್ದು ಎಡ ಮುಂಗೈ ಮೂಳೆ ಮುರಿದುಕೊಂಡೆ. ಆರು ವಾರಗಳ ಬಳಿಕ ಪ್ಲಾಸ್ಟರ್ ಕತ್ತರಿಸಿದಾಗ ಒಳಗಿನಿಂದ ಹೊರಬಂದದ್ದು ನನ್ನದೇ ಕೈಯೆಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಚರ್ಮ ಬಿಳಿಚಿಕೊಂಡು ಸಿಪ್ಪೆಯೇಳುತ್ತಿತ್ತು; ಮೊಣಕೈಯಿಂದ ಕೆಳಗಿನ ದಪ್ಪ ಭಾಗ ಗಾಳಿ ಬಿಟ್ಟ ಟ್ಯೂಬಿನಂತೆ ಜೋತಿತ್ತು. ಮನೆಗೆ ಬಂದು ಹೊಲಿಗೆಯ ಟೇಪು ಹಿಡಿದು ಅಳೆದೆ. ಬಲಗೈ 26 ಸೆಂಟಿಮೀಟರ್, ಎಡಗೈ 24.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವನಿಗೆ ಇದು ಅಚ್ಚರಿಯಾಗಬಾರದಿತ್ತು. ಆದರೂ ಒಂದು ಪ್ರಶ್ನೆ ಕಾಡತೊಡಗಿತು. ಆ ಆರು ವಾರಗಳಲ್ಲಿ ನಾನು ಒಂದು ಹೊತ್ತಿನ ಊಟವನ್ನೂ ತಪ್ಪಿಸಿರಲಿಲ್ಲ. ಎರಡೂ ಕೈಗಳಲ್ಲಿ ಹರಿದದ್ದು ಒಂದೇ ರಕ್ತ, ಅದರಲ್ಲಿದ್ದದ್ದು ಅವೇ ಹಾರ್ಮೋನುಗಳು. ಹಾಗಿದ್ದ ಮೇಲೆ ಎಡಗೈ ಮಾತ್ರ ಸೊರಗಬೇಕೆಂದು ತೀರ್ಮಾನಿಸಿದವರು ಯಾರು?

ಮುಂದುವರಿಯುವ ಮೊದಲು ಪದದ ಬಗ್ಗೆ ಒಂದು ಮಾತು. ನಮ್ಮ ಕನ್ನಡ ಪಾಠಪುಸ್ತಕಗಳಲ್ಲಿ ಇದು ‘ಸ್ನಾಯು’. ವ್ಯಾಯಾಮ ಹೇಳಿಕೊಟ್ಟ ಫಿಸಿಯೋಥೆರಪಿಸ್ಟ್ ಹುಡುಗಿಯ ಮಲಯಾಳದಲ್ಲಿ ‘ಪೇಶಿ’. ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ‘ಸ್ನಾಯು’ ಎಂದರೆ ಕೀಲುಗಳನ್ನು ಬಿಗಿದಿಡುವ ನಾರು, ‘ಪೇಶಿ’ಯೇ ಮಾಂಸಖಂಡ. ಈ ಒಂದು ವಿಷಯದಲ್ಲಿ ನೆರೆಯವರೇ ಸರಿಯೆಂದು ಒಪ್ಪಿಕೊಂಡು, ರೂಢಿಯ ಕಾರಣದಿಂದ ‘ಸ್ನಾಯು’ವನ್ನೇ ಬಳಸುತ್ತೇನೆ.

ಬೆಳೆದವರ ಸ್ನಾಯು ಹಿಗ್ಗುವುದಾಗಲಿ ಕುಗ್ಗುವುದಾಗಲಿ ಬಹುಮಟ್ಟಿಗೆ ತಂತುಗಳ ಸಂಖ್ಯೆಯಿಂದಲ್ಲ, ಒಂದೊಂದು ತಂತುವಿನ ದಪ್ಪದಿಂದ. ಪ್ರತಿ ತಂತುವಿನೊಳಗೆ ಹಳೆಯ ಪ್ರೋಟೀನನ್ನು ಕಳಚುವ ಕೆಲಸವೂ ಹೊಸದನ್ನು ಕಟ್ಟುವ ಕೆಲಸವೂ ಹಗಲಿರುಳು ನಡೆದಿರುತ್ತವೆ. ಯಾವುದರ ಕೈ ಮೇಲಾಗುತ್ತದೆಯೋ ಅದರಂತೆ ತಂತುವಿನ ಗಾತ್ರ. ಕಟ್ಟುವ ಕಡೆಯ ಮುಖ್ಯ ದೂತ ಐಜಿಎಫ್-1, ಅಂದರೆ ಇನ್ಸುಲಿನ್ನನ್ನು ಹೋಲುವ ಬೆಳವಣಿಗೆಯ ಪ್ರೋಟೀನ್. ಪಿಟ್ಯುಟರಿ ಗ್ರಂಥಿಯ ಬೆಳವಣಿಗೆ ಹಾರ್ಮೋನಿನ ಆಜ್ಞೆಯಂತೆ ಯಕೃತ್ತು ಇದನ್ನು ರಕ್ತಕ್ಕೆ ಬಿಡುತ್ತದೆ, ಸ್ನಾಯು ತನ್ನ ಬಳಕೆಗೆ ತಾನೂ ತಯಾರಿಸಿಕೊಳ್ಳುತ್ತದೆ. ಅದು ಕೋಶದ ಹೊರಮೈಯಲ್ಲಿ ಸಂದೇಶ ಹಿಡಿಯುವ ಗ್ರಾಹಕಕ್ಕೆ ಅಂಟಿಕೊಂಡಾಗ ಒಳಗೆ ಎಕೆಟಿ ಎಂಬ ಕಿಣ್ವ ಎಚ್ಚರಗೊಂಡು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಒಂದು, ಎಂಟಾರ್ ಎಂಬ ಮೇಸ್ತ್ರಿಯನ್ನು ಎಬ್ಬಿಸಿ ಪ್ರೋಟೀನ್ ಕಟ್ಟುವ ಕೆಲಸಕ್ಕೆ ಹಚ್ಚುವುದು. ಇನ್ನೊಂದು, ಫಾಕ್ಸ್‌ಓ ಎಂಬ ಪ್ರೋಟೀನು ಕೋಶಕೇಂದ್ರದೊಳಗೆ ಕಾಲಿಡದಂತೆ ನೋಡಿಕೊಳ್ಳುವುದು. ಫಾಕ್ಸ್‌ಓ ಒಳಹೊಕ್ಕರೆ ಅಟ್ರೋಜಿನ್-1, ಮರ್ಫ್-1 ಎಂಬ ಎರಡು ಪ್ರೋಟೀನುಗಳು ಹೆಚ್ಚಾಗಿ ತಯಾರಾಗುತ್ತವೆ. ಕಡಿಯಬೇಕಾದ ಅಡಿಕೆ ಮರಗಳಿಗೆ ಸುಣ್ಣದ ಗುರುತು ಹಾಕಿಟ್ಟು ಹೋಗುತ್ತೇವಲ್ಲ, ಹಾಗೆಯೇ ಇವು ಕಳಚಬೇಕಾದ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಎಂಬ ಚೀಟಿ ಅಂಟಿಸುತ್ತವೆ. ಕತ್ತರಿಸುವ ಯಂತ್ರ ಚೀಟಿ ನೋಡಿಕೊಂಡು ಬರುತ್ತದೆ. 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಎರಡರಲ್ಲಿ ಒಂದರ ಜೀನ್ ಇಲ್ಲದ ಇಲಿಗಳ ಕಾಲಿನ ನರ ಕತ್ತರಿಸಿದಾಗ, ಸ್ನಾಯು ಸೊರಗಿದ್ದು ಸಾಮಾನ್ಯ ಇಲಿಗಳಲ್ಲಿ ಸೊರಗಿದ್ದಕ್ಕಿಂತ ಕಡಿಮೆ.

ಆದರೆ ಇಷ್ಟರಿಂದ ನನ್ನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಯಾಕೆಂದರೆ ಯಕೃತ್ತಿನ ಐಜಿಎಫ್-1 ಎರಡೂ ಕೈಗಳಿಗೆ ಸಮನಾಗಿಯೇ ಬಂದಿತ್ತು. ಬೇರೆ ಒಂದು ಪ್ರಯೋಗದಲ್ಲಿ ಸ್ನಾಯುವಿನಲ್ಲಿ ಐಜಿಎಫ್-1ರ ಗ್ರಾಹಕ ಕೆಲಸ ಮಾಡದಂತೆ ಮಾಡಿದ ಇಲಿಗಳ ಕಾಲಿಗೆ ಹೆಚ್ಚಿನ ಹೊರೆ ಬೀಳಿಸಿದಾಗಲೂ ಸ್ನಾಯು ಬೆಳೆಯಿತು. ಎಂದರೆ ಎಳೆತವೇ ಒಂದು ಸಂದೇಶ. ಎಂಟಾರ್‌ಗೆ ಅದು ಹೊರಗಿನ ದೂತನನ್ನು ಕಾಯದೆಯೂ ತಲುಪುತ್ತದೆ. ಪ್ಲಾಸ್ಟರಿನೊಳಗಿನ ನನ್ನ ಕೈಗೆ ಆರು ವಾರ ಬಾರದೆ ಹೋದದ್ದು ಈ ಸಂದೇಶ. ಇಷ್ಟು ವರ್ಷ ತರಗತಿಯಲ್ಲಿ ಹಾರ್ಮೋನಿನ ಪಾಠವನ್ನು ಗ್ರಂಥಿಯಿಂದ ಆರಂಭಿಸಿ ರಕ್ತದಲ್ಲಿ ಮುಗಿಸುತ್ತಿದ್ದೆ; ಅಂಗಾಂಶ ತನಗೆ ತಾನೇ ಆಡಿಕೊಳ್ಳುವ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ.

ಆ ಸ್ವಗತದ ಅತಿ ದೊಡ್ಡ ಪಾತ್ರ ಮಯೋಸ್ಟಾಟಿನ್. ಸ್ನಾಯು ತಾನೇ ಹುಟ್ಟಿಸಿ ತನ್ನ ಬೆಳವಣಿಗೆಗೆ ತಾನೇ ಹಾಕಿಕೊಳ್ಳುವ ಕಡಿವಾಣವಿದು. 1997ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸೆ-ಜಿನ್ ಲೀ ಮತ್ತು ಅಲೆಕ್ಸಾಂಡ್ರಾ ಮೆಕ್‌ಫೆರಾನ್ ಈ ಜೀನನ್ನು ತೆಗೆದುಹಾಕಿದಾಗ ಇಲಿಗಳ ಸ್ನಾಯುಗಳು ಎರಡರಿಂದ ಮೂರು ಪಟ್ಟು ತೂಗಿದವು. ಅದೇ ವರ್ಷ ಬೆಲ್ಜಿಯನ್ ಬ್ಲೂ ತಳಿಯ ದನಗಳ ಗುಟ್ಟೂ ಹೊರಬಿತ್ತು: ಅವುಗಳ ಮಯೋಸ್ಟಾಟಿನ್ ಜೀನಿನಲ್ಲಿ 11 ಅಕ್ಷರಗಳು ಬಿಟ್ಟುಹೋಗಿವೆ. ಆ ದನದ ಚಿತ್ರವನ್ನು ಫೋನಿನಲ್ಲಿ ತೆರೆದಿಟ್ಟುಕೊಂಡು ನಮ್ಮ ಕೊಟ್ಟಿಗೆಯ ಕಾಸರಗೋಡು ಗಿಡ್ಡ ತಳಿಯ ಹಸುವಿನ ಪಕ್ಕ ನಿಂತರೆ ಎರಡೂ ಒಂದೇ ಜಾತಿಯ ಪ್ರಾಣಿಗಳೆಂದು ಮೊಮ್ಮಗಳು ಒಪ್ಪುವುದಿಲ್ಲ. ನನ್ನ ಸೊಂಟದ ಎತ್ತರಕ್ಕೆ ಬರುವ ಈ ಹಸು ಗುಡ್ಡದ ಹುಲ್ಲು ಮೇಯ್ದು, ತನ್ನಷ್ಟಕ್ಕೆ ತಾನೇ ಕರು ಹಾಕುತ್ತದೆ. ಬೆಲ್ಜಿಯನ್ ಬ್ಲೂ ಹಸುಗಳಿಗೆ ಹೆಚ್ಚಾಗಿ ಹೊಟ್ಟೆ ಕೊಯ್ದೇ ಕರು ತೆಗೆಯಬೇಕು. ಕಡಿವಾಣವಿಲ್ಲದ ಬೆಳವಣಿಗೆಯನ್ನು ಹಸು ಹೊರುತ್ತದೆ, ಲಾಭ ಮಾಂಸದ ವ್ಯಾಪಾರಿಗೆ.

ಮನುಷ್ಯರಲ್ಲಿಯೂ ಇದು ಕಂಡಿದೆ. ಈ ಜೀನಿನ ಎರಡೂ ಪ್ರತಿಗಳು ಕೆಟ್ಟಿದ್ದ ಜರ್ಮನಿಯ ಮಗುವೊಂದರ ವಿವರ 2004ರಲ್ಲಿ ಪ್ರಕಟವಾಯಿತು. ಹುಟ್ಟುವಾಗಲೇ ತೊಡೆಗಳಲ್ಲಿ ಸ್ನಾಯು ಉಬ್ಬಿದ್ದ ಆ ಹುಡುಗ ನಾಲ್ಕೂವರೆ ವರ್ಷಕ್ಕೆ ಮೂರು ಕಿಲೋಗ್ರಾಮಿನ ಎರಡು ಡಂಬೆಲ್‌ಗಳನ್ನು ಕೈ ಚಾಚಿ ಹಿಡಿಯಬಲ್ಲವನಾಗಿದ್ದ.

ಕಡಿವಾಣಕ್ಕೂ ಮೇಲೊಂದು ಕಡಿವಾಣವಿರುವುದು ನನಗೆ ಬಹಳ ಹಿಡಿಸಿದ ಸಂಗತಿ. ಮಯೋಸ್ಟಾಟಿನ್ ಹುಟ್ಟುವಾಗ ತನ್ನದೇ ಒಂದು ತುಂಡಿನ ಹಿಡಿತದಲ್ಲಿ, ಒರೆಯೊಳಗಿನ ಕತ್ತಿಯಂತೆ ನಿಷ್ಕ್ರಿಯವಾಗಿರುತ್ತದೆ. ಬೇರೊಂದು ಕಿಣ್ವ ಆ ತುಂಡನ್ನು ಕತ್ತರಿಸಿದ ಮೇಲಷ್ಟೇ ಗ್ರಾಹಕಕ್ಕೆ ಅಂಟಿ, ಸ್ಮ್ಯಾಡ್ ಎಂಬ ಪ್ರೋಟೀನುಗಳ ಮೂಲಕ ಕೋಶಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ಬಿಡುಗಡೆಯಾದದ್ದನ್ನೂ ಫೋಲಿಸ್ಟಾಟಿನ್ ಎಂಬ ಇನ್ನೊಂದು ಪ್ರೋಟೀನು ದಾರಿಯಲ್ಲೇ ಹಿಡಿದು ಕಟ್ಟಿಹಾಕಬಲ್ಲದು. ಮಯೋಸ್ಟಾಟಿನ್ ಇಲ್ಲದ ಇಲಿಗಳಿಗೆ ಫೋಲಿಸ್ಟಾಟಿನ್ ಹೆಚ್ಚು ಕೊಟ್ಟಾಗ ಸ್ನಾಯು ನಾಲ್ಕು ಪಟ್ಟಾಯಿತು. ಹಿಡಿಯಲು ಮಯೋಸ್ಟಾಟಿನ್ನೇ ಇಲ್ಲದಿದ್ದಾಗಲೂ ಸ್ನಾಯು ಬೆಳೆಯಿತೆಂದರೆ ಕಡಿವಾಣ ಹಿಡಿದವರು ಬೇರೆಯೂ ಇದ್ದಾರೆಂದಾಯಿತು. ಅವರಲ್ಲಿ ಮುಖ್ಯವಾದದ್ದು ಆಕ್ಟಿವಿನ್ ಎಂಬ ಪ್ರೋಟೀನು.

2019ರ ಡಿಸೆಂಬರಿನಲ್ಲಿ ಲೀ ಅವರ ತಂಡ 40 ಇಲಿಗಳನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಿತು. ತೂಕವೇ ಇಲ್ಲದ ಆ ಜಾಗ ಇಡೀ ಮೈಗೆ ಹಾಕಿದ ಪ್ಲಾಸ್ಟರಿನಂತೆ. ಸುಮಾರು ಒಂದು ತಿಂಗಳಲ್ಲಿ ಸಾಮಾನ್ಯ ಇಲಿಗಳ ಸ್ನಾಯು ಕರಗಿತು. ಮಯೋಸ್ಟಾಟಿನ್ ಇಲ್ಲದ ಇಲಿಗಳು ತಮ್ಮ ದಷ್ಟಪುಷ್ಟ ಸ್ನಾಯುಗಳನ್ನು ಬಹುಮಟ್ಟಿಗೆ ಉಳಿಸಿಕೊಂಡವು. ಈ ಫಲಿತಾಂಶವನ್ನು ಓದಿದಾಗ, ನಿಜ ಹೇಳಬೇಕೆಂದರೆ, ಆ ಇಲಿಗಳ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಆದರೆ ಇಲಿಯಲ್ಲಿ ಸುಲಭವಾದದ್ದು ರೋಗಿಯಲ್ಲಿ ಸುಲಭವಾಗಲಿಲ್ಲ. ಮಯೋಸ್ಟಾಟಿನ್ ತಡೆಯುವ ಒಂದಕ್ಕಿಂತ ಹೆಚ್ಚು ಔಷಧಗಳು ಸ್ನಾಯುಕ್ಷಯದ ರೋಗಿಗಳಲ್ಲಿ ನಿರೀಕ್ಷಿಸಿದ ಬಲವನ್ನು ತರಲಿಲ್ಲ. ಒಂದರ ಪ್ರಯೋಗವನ್ನಂತೂ ಮಕ್ಕಳ ಮೂಗು ಮತ್ತು ಒಸಡಿನಲ್ಲಿ ರಕ್ತ ಸೋರಿದ್ದರಿಂದ ನಿಲ್ಲಿಸಬೇಕಾಯಿತು. ಅದೇ ಗ್ರಾಹಕಗಳಿಗೆ ಸಂಬಂಧಿಸಿದ ಸಂದೇಶಗಳನ್ನು ರಕ್ತನಾಳಗಳೂ ಓದುತ್ತವೆಂಬುದು ಕಾರಣವಾಗಿರಬಹುದು. ಹೀಗಿರುವಾಗ ಪೇಟೆಯ ಜಿಮ್ಮಿಗೆ ಹೋಗುವ ನನ್ನ ಅಳಿಯ ‘ಫೋಲಿಸ್ಟಾಟಿನ್ ಪುಡಿ’ಯ ಡಬ್ಬಿಯೊಂದನ್ನು ತಂದು ತೋರಿಸಿದಾಗ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಅದರಲ್ಲಿ ನಿಜವಾಗಿ ಆ ಪ್ರೋಟೀನ್ ಇದ್ದರೂ ಹೊಟ್ಟೆ ಅದನ್ನು ತೊಗರಿಬೇಳೆಯನ್ನು ಜೀರ್ಣಿಸಿದಂತೆಯೇ ಜೀರ್ಣಿಸಿಬಿಡುತ್ತದೆ. ಬೇಳೆ ಅಗ್ಗ.

ನನಗೆ ಸಿಕ್ಕಿದ ಮದ್ದು ಒಂದು ಹಳದಿ ರಬ್ಬರ್ ಚೆಂಡು, ಆಮೇಲೆ ಅರ್ಧ ಲೀಟರ್ ನೀರು ತುಂಬಿದ ಬಾಟಲಿ. ಬೆಳಿಗ್ಗೆ ಜಗಲಿಯಲ್ಲಿ ಕುಳಿತು ಬಾಟಲಿಯನ್ನು ಮಣಿಕಟ್ಟಿನಿಂದ ಎತ್ತಿ ಇಳಿಸುವುದು, ಸಂಜೆ ಮತ್ತೆ ಅದೇ. ಮೂರನೆಯ ತಿಂಗಳ ಕೊನೆಗೆ ಟೇಪು 25.5 ತೋರಿಸಿತು. ಈಗ ಹಾಲು ಕರೆಯಲು ಎರಡೂ ಕೈಗಳು ಒದಗುತ್ತವೆ. ದೋಟಿಯನ್ನು ಮಾತ್ರ ಇನ್ನೂ ಕೊಯ್ಲಿನವರ ಕೈಗೇ ಕೊಟ್ಟು ಕೆಳಗೆ ಬಿದ್ದ ಅಡಿಕೆ ಹೆಕ್ಕುತ್ತಿದ್ದೇನೆ.