ನಗರ-7

2024 ನವೆಂಬರ್ 10, ಭಾನುವಾರ ರಾತ್ರಿ

ಬೆಳಿಗ್ಗೆ ಅಮ್ಮ ಫೋನ್ ಮಾಡಿದ್ದಳು. ಊರಿನ ಮನೆಯ ಹಂಚು ಇಳಿಸುತ್ತಿದ್ದಾರೆ. ಅಡಿಕೆಯ ಕೊನೆಕೊಯ್ಲು ಜೋರಾಗುವ ಮೊದಲೇ ಮಾಡಿನ ಕೆಲಸ ಮುಗಿಯಲಿ ಅಂತ ಅಣ್ಣನ ಅವಸರ. ಅಟ್ಟದ ಸಾಮಾನೆಲ್ಲ ಅಂಗಳಕ್ಕೆ ಬಂದಿದೆ. ತಾಮ್ರದ ಹಂಡೆ, ಕಾಲು ಮುರಿದ ತೊಟ್ಟಿಲು, ಅಪ್ಪನ ಲೆಕ್ಕದ ಪುಸ್ತಕಗಳು, ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಕೊನೆಗೆ ಕೇಳಿದಳು.

"ಒಂದು ಬಾಟಲಿ ಸಿಕ್ಕಿದೆ. ಬಾಯಿಯ ಹತ್ತಿರ ಅಡಿಕೆ ಹಾಳೆ ಅಂಟಿಸಿದ್ದೀರಿ. ಮೈಮೇಲೆ ಏನೋ ಬರೆದಿದ್ದೀರಿ. ಎಸೀಲಾ?"

"ಏನು ಬರೆದಿದೆ ಓದು."

"ಕನ್ನಡಕ ಇಲ್ಲ, ಇರು." ಸ್ವಲ್ಪ ಹೊತ್ತು ಹಂಚು ಜೋಡಿಸುವ ಸದ್ದು ಮಾತ್ರ ಕೇಳುತ್ತಿತ್ತು. "ನಗರ ಅಂತಿದೆ. ಆಮೇಲೆ ಏಳು."

ನಾನು ಒಲೆ ಆರಿಸಿ ಬಂದು ಕೂತೆ. "ಎಸೀಬೇಡ. ಮಳೆ ಬಿಸಿಲು ತಾಗದ ಕಡೆ ಇಡು" ಅಂದೆ. ಧ್ವನಿ ಹೇಗೆ ಕೇಳಿಸಿತೋ ಏನೋ, ಅಮ್ಮ ಮತ್ತೇನೂ ಕೇಳಲಿಲ್ಲ.

ಅದು ಕಳೆದುಹೋಯಿತು ಅಂತಲೇ ನಾನು 28 ವರ್ಷ ಅಂದುಕೊಂಡಿದ್ದೆ.

ಶುರುವಾಗಿದ್ದು 1994ರಲ್ಲಿ. ಅದರ ಹಿಂದಿನ ವರ್ಷ, ಸೆಪ್ಟೆಂಬರ್ 20ಕ್ಕೆ, ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಾರಾಟ ಸೋತು ಸಮುದ್ರದ ಪಾಲಾಗಿತ್ತು. ಆ ರಾತ್ರಿ ಅಣ್ಣ ಊಟ ಬಿಟ್ಟಿದ್ದ. 1994ರ ಅಕ್ಟೋಬರ್ 15ಕ್ಕೆ ಎರಡನೆಯದು ಹಾರಿತು, ಗೆದ್ದಿತು. ಜಗುಲಿಯಲ್ಲಿ ಕೂತು ರೇಡಿಯೋ ವಾರ್ತೆ ಕೇಳಿದ್ದು ನೆನಪಿದೆ. 804 ಕಿಲೋ ತೂಕದ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅಣ್ಣ ಅಪ್ಪನ ಕಡೆ ತಿರುಗಿ, "ಅದು ಎಷ್ಟು ಚೀಲ ಅಡಿಕೆ?" ಅಂದ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಲೆಕ್ಕ ಹಾಕಿದರು. "ಹನ್ನೆರಡು ಚೀಲದ ಮೇಲಾಯ್ತು." ಹನ್ನೆರಡು ಚೀಲ! ನಮ್ಮ ಮನೆಯಲ್ಲಿ ಒಂದು ಚೀಲ ಎತ್ತಿ ಜೀಪಿಗೆ ಹಾಕಲು ಇಬ್ಬರು ಬೇಕಿತ್ತು. ಅಣ್ಣನಿಗೆ ಆಗ 14, ನನಗೆ 9. ಅವತ್ತು ನಮಗಿಬ್ಬರಿಗೂ ನಿದ್ದೆ ಬರಲಿಲ್ಲ.

ದೀಪಾವಳಿಯ ರಾಕೆಟ್ಟಿಗೆ ಅಮ್ಮ ಬಿಡುತ್ತಿರಲಿಲ್ಲ. ಹುಲ್ಲಿನ ಬಣವೆ ಇದ್ದ ಮನೆ, ಅವಳ ಹೆದರಿಕೆ ಸರಿಯಾಗೇ ಇತ್ತು. ಹಾಗಾಗಿ ನಮ್ಮದು ನೀರಿನ ರಾಕೆಟ್. ಅಣ್ಣ ಯಾವುದೋ ವಿಜ್ಞಾನ ಪ್ರದರ್ಶನದಲ್ಲಿ ನೋಡಿಕೊಂಡು ಬಂದಿದ್ದ. ಪ್ಲಾಸ್ಟಿಕ್ ಬಾಟಲಿಯ ಮೂರನೇ ಒಂದು ಭಾಗ ನೀರು. ಬಾಯಿಗೆ ಕಾರ್ಕ್, ಕಾರ್ಕಿನ ನಡುವೆ ಸೈಕಲ್ ಟ್ಯೂಬಿನ ವಾಲ್ವ್. ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿ ಪಂಪ್ ಹೊಡೆಯುವುದು. ಒಳಗೆ ಗಾಳಿ ಒತ್ತುತ್ತಾ ಹೋಗುತ್ತದೆ. ಕಾರ್ಕಿಗೆ ತಡೆಯಲು ಆಗದಾಗ ನೀರು ಕೆಳಗೆ ನುಗ್ಗುತ್ತದೆ, ಬಾಟಲಿ ಮೇಲೆ ನುಗ್ಗುತ್ತದೆ. ಬರೀ ಗಾಳಿ ತುಂಬಿದರೆ ಫುಸ್ ಅಂದು ಆಳೆತ್ತರಕ್ಕೆ ಹೋಗಿ ಬೀಳುತ್ತಿತ್ತು. ಕೆಳಗೆ ತಳ್ಳಲಿಕ್ಕೆ ತೂಕದ್ದೊಂದು ಬೇಕು, ಆ ತೂಕ ನೀರು. ಇದನ್ನು ಆಮೇಲೆ ಕಾಲೇಜಿನಲ್ಲಿ ನ್ಯೂಟನ್ನನ ಮೂರನೇ ನಿಯಮ ಅಂತ ಓದಿದೆ. ನನಗೆ ಮಾತ್ರ ಅದು ಇವತ್ತಿಗೂ ಲಂಗವೆಲ್ಲ ಒದ್ದೆಯಾಗಿ ನಡುಗಿದ ಸಂಜೆ.

ನಮ್ಮೂರು ನಗರ, ಹಾಗಾಗಿ ರಾಕೆಟ್ಟುಗಳಿಗೂ ಅದೇ ಹೆಸರು. ನಗರ-1 ಮೇಲೆ ಹೋಗುತ್ತಲೇ ಗಿರಗಿರ ಸುತ್ತಿ ಕೊಟ್ಟಿಗೆ ಮೇಲೆ ಬಿತ್ತು. ನಗರ-2 ಕೂಡ ಹಾಗೆಯೇ. ಮೂಗಿನಲ್ಲಿ ಭಾರ ಇರಬೇಕು, ಬಾಲದಲ್ಲಿ ರೆಕ್ಕೆ ಇರಬೇಕು ಅಂತ ತಿಳಿಯಲು ಒಂದು ಬೇಸಿಗೆ ರಜೆ ಪೂರ್ತಿ ಬೇಕಾಯಿತು. ಮೂಗಿಗೆ ಗದ್ದೆಯ ಜೇಡಿಮಣ್ಣು. ರೆಕ್ಕೆಗೆ ಅಡಿಕೆ ಹಾಳೆ, ಒಣಗಿಸಿ, ಕಲ್ಲು ಹೇರಿ ನೇರ ಮಾಡಿದ್ದು. ಮೈದಾ ಅಂಟಿಗೆ ಕೊಳೆರೋಗದ ಔಷಧಿಗೆಂದು ಅಪ್ಪ ತಂದಿಟ್ಟ ಮೈಲುತುತ್ತ ಚಿಟಿಕೆಯಷ್ಟು ಬೆರೆಸುತ್ತಿದ್ದೆವು, ಹುಳ ಹಿಡಿಯಬಾರದು ಅಂತ. ಅಂಟು ತಿಳಿನೀಲಿಯಾಗುತ್ತಿತ್ತು. ಆ ಬಣ್ಣ ನನಗೆ ಎಷ್ಟು ಇಷ್ಟವಾಗಿತ್ತು ಅಂದರೆ, ಮದುವೆಗೆ ಸೀರೆ ಆರಿಸುವಾಗಲೂ ಅದನ್ನೇ ಹುಡುಕಿದ್ದೆ.

ಹಾರಿಸುತ್ತಿದ್ದುದು ಮನೆ ಹಿಂದಿನ ಬ್ಯಾಣದಲ್ಲಿ, ಹುಲ್ಲು ಬೆಳೆಯುವ ಬಯಲಲ್ಲಿ. ಮೋಡ ಇಲ್ಲದ ದಿನ ಕೊಡಚಾದ್ರಿ ಕಾಣುತ್ತಿತ್ತು. ಅಣ್ಣ ಪಂಪ್ ಒತ್ತುತ್ತಿದ್ದ, ನಾನು ಹತ್ತರಿಂದ ಕೆಳಗೆ ಎಣಿಸುತ್ತಿದ್ದೆ. ಕಾರ್ಕ್ ಯಾವಾಗ ಕಳಚುತ್ತದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ ಅಲ್ವಾ, ಹಾಗಾಗಿ ಸೊನ್ನೆಗೆ ಸರಿಯಾಗಿ ಒಂದೂ ಹಾರಲಿಲ್ಲ. ನಗರ-3 ನಾಲ್ಕಕ್ಕೇ ಹಾರಿತು. ನಗರ-5 ಸೊನ್ನೆ ದಾಟಿಯೂ ಕೂತಿತ್ತು. ಇನ್ನು ಎಣಿಸಲು ಏನೂ ಇಲ್ಲದೆ ನಾನು ಸುಮ್ನೆ ನಿಂತಿದ್ದೆ. ಆಮೇಲೆ ಡಬ್ ಅಂತ ಹೋಯಿತು ನೋಡಿ, ಅಡಿಕೆ ಮರದ ತುದಿ ದಾಟಿ, ಸೊಪ್ಪಿನ ಬೆಟ್ಟದ ಕಡೆ. ಎರಡು ದಿನ ಹುಡುಕಿದೆವು. ಸಿಗಲಿಲ್ಲ. ಸಿಗದಷ್ಟು ದೂರ ಹೋಯಿತಲ್ಲ ಅಂತ ಅಣ್ಣ ಕುಣಿದ.

ನಗರ-7 ಎಲ್ಲಕ್ಕಿಂತ ಚೆನ್ನಾಗಿತ್ತು. 1996ರ ಮೇ ತಿಂಗಳು. ಮೂರು ರೆಕ್ಕೆಯನ್ನೂ ದಾರ ಹಿಡಿದು ಅಳೆದು ಸಮ ಮಾಡಿದ್ದೆವು. ಹಾರಿಸುವ ದಿನ ಮಳೆ ಬಂತು. ಮರುದಿನವೂ ಬಂತು. ಮುಂದಿನ ವಾರ ಅಣ್ಣ ಪಿಯುಸಿಗೆ ಶಿವಮೊಗ್ಗಕ್ಕೆ ಹೊರಟ, ಹಾಸ್ಟೆಲ್ಲಿಗೆ. ದೀಪಾವಳಿಗೆ ಬಂದಾಗ ಹಾರಿಸೋಣ ಅಂತ ಮಾತಾಗಿತ್ತು. ದೀಪಾವಳಿಗೆ ಬಂದವನು ಬೇರೆಯೇ ಆಗಿದ್ದ. ಮೀಸೆ ಬರುತ್ತಿತ್ತು, ಮಾತು ಕಮ್ಮಿಯಾಗಿತ್ತು. ರಾಕೆಟ್ ಎಲ್ಲಿ ಅಂತ ಕೇಳಿದ್ದಕ್ಕೆ "ಗೊತ್ತಿಲ್ಲ" ಅಂದ. ನಾನು ಮನೆಯೆಲ್ಲ ಹುಡುಕಿ ಅತ್ತೆ.

ಸಂಜೆ ಅವನಿಗೇ ಫೋನ್ ಮಾಡಿದೆ. ಅವನು ಫೋನಿನಲ್ಲಿ ಮಾತಾಡುವುದು ಇಷ್ಟೇ, ಅಡಿಕೆ ದರ, ಮಳೆ, ಅಮ್ಮನ ಮಂಡಿನೋವು, ಮುಗಿಯಿತು. ಇವತ್ತು ನಾನು ನೇರವಾಗಿ ಕೇಳಿದೆ.

"ಅಟ್ಟಕ್ಕೆ ಯಾರು ಹಾಕಿದ್ದು?"

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ನಾನೇ. ಹಾಸ್ಟೆಲ್ಲಿಗೆ ಹೋಗುವ ಹಿಂದಿನ ರಾತ್ರಿ. ಹಂಡೆ ಒಳಗೆ ಇಟ್ಟಿದ್ದೆ."

"ಯಾಕೆ?"

"ನಾನಿಲ್ಲದಾಗ ನೀನೊಬ್ಬಳೇ ಹಾರಿಸಿಬಿಡ್ತೀಯ ಅಂತ, ಮಾರಾಯ್ತಿ."

ನನಗೆ ತಟ್ಟನೆ ಸಿಟ್ಟು ಬಂತು. 39 ವರ್ಷದವಳಿಗಲ್ಲ, ಆ 11 ವರ್ಷದವಳಿಗೆ ಬಂದ ಸಿಟ್ಟು. ದೀಪಾವಳಿಯಲ್ಲಿ ಯಾಕೆ ಹೇಳಲಿಲ್ಲ ಅಂದೆ. ಹಾಸ್ಟೆಲ್ಲಿನಲ್ಲಿ ದಿನಾ ರಾತ್ರಿ ಮನೆ ನೆನಪಾಗಿ ಅಳುತ್ತಿದ್ದೆ ಅಂದ. ರಾಕೆಟ್ ಅಲ್ಲಿದೆ, ಹಾರಿಸುವುದು ಬಾಕಿ ಇದೆ ಅನ್ನುವುದೊಂದೇ ಧೈರ್ಯವಾಗಿತ್ತಂತೆ. ಹಾರಿಸಿಬಿಟ್ಟರೆ ಅದೂ ಮುಗಿದುಹೋಗುತ್ತದಲ್ಲ ಅಂದ. ಆಮೇಲೆ ಹೇಳಲು ನಾಚಿಕೆ, ಆಮೇಲೆ ಮರೆವು.

ಅವನು ಅಳುತ್ತಿದ್ದ ಅಂತ ನನಗೆ ಗೊತ್ತೇ ಇರಲಿಲ್ಲ. ಅಮ್ಮನಿಗೂ ಗೊತ್ತಿರಲಿಕ್ಕಿಲ್ಲ.

ಫೋನ್ ಇಟ್ಟ ಮೇಲೆ 2018ರ ಜುಲೈ ನೆನಪಾಯಿತು. ನಮ್ಮ ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಜಾಸ್ತಿ ರಾಕೆಟ್ ಸಿಕ್ಕಿದ ಸುದ್ದಿ. ಹೈದರ್ 1763ರಲ್ಲಿ ಬಿದನೂರನ್ನು ಗೆದ್ದು ಹೈದರನಗರ ಅಂತ ಹೆಸರಿಟ್ಟ ಊರು ನಮ್ಮದು. ಬಾವಿಯಲ್ಲಿ ಸಿಕ್ಕಿದ್ದು ಟಿಪ್ಪು ಕಾಲದವು ಅಂದರು. ಒಣಗಿದ ಬಾವಿಯ ಮಣ್ಣು ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ. ಮಗನನ್ನು ಕರೆದುಕೊಂಡು ಹೋಗಿ ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯಲ್ಲಿ ನೋಡಿ ಬಂದೆ. ಗೇಣುದ್ದದ ಕಬ್ಬಿಣದ ಕೊಳವೆಗಳು, ತುಕ್ಕು ಹಿಡಿದಿದ್ದವು. ಇದಕ್ಕೆ ಉದ್ದ ಬಿದಿರು ಕಟ್ಟುತ್ತಿದ್ದರು, ನೇರ ಹೋಗಲಿ ಅಂತ. ನಮ್ಮ ಹಾಳೆ ರೆಕ್ಕೆಯ ಕೆಲಸವೇ. ಅದಕ್ಕೂ ಜಾಸ್ತಿ ನನ್ನನ್ನು ಕಾಡಿದ್ದು ಅವು ಒಂದೂ ಹಾರಿರಲಿಲ್ಲ ಅನ್ನುವುದು. ಮದ್ದು ಒಳಗೇ ಇತ್ತು. ಯಾರೋ ಕೂತು ಕೊಳವೆ ಬಡಿದಿದ್ದಾರೆ, ಮದ್ದು ಜಡಿದಿದ್ದಾರೆ. ಯುದ್ಧದ ಸಾಮಾನು, ಹಾರದೇ ಇದ್ದದ್ದೇ ಒಳ್ಳೆಯದಾಯಿತು, ಅದು ನನಗೂ ಗೊತ್ತು. ಆದರೂ ಆ ಕೈಗಳ ಬಗ್ಗೆ ಯೋಚಿಸುತ್ತಾ ಗಾಜಿನ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಮಗ ಕೈ ಎಳೆದ ಮೇಲೆಯೇ ಹೊರಟಿದ್ದು.

ಅಣ್ಣ ಈಗ ಮೆಸೇಜ್ ಮಾಡಿದ್ದಾನೆ. ರಾತ್ರಿ ಹತ್ತೂವರೆ, ಅವನು ಮಲಗಿರಬೇಕಾದ ಹೊತ್ತು. ಬಾಟಲಿ ಹಳದಿಯಾಗಿದೆಯಂತೆ. ಪಂಪ್ ಹೊಡೆದರೆ ಒಡೆಯಬಹುದು, ಹೊಸ ಬಾಟಲಿಗೆ ಹಳೇ ರೆಕ್ಕೆ ಹಾಕೋಣ, ಕ್ರಿಸ್‌ಮಸ್ ರಜಕ್ಕೆ ಮಗನನ್ನು ಕರ್ಕೊಂಡು ಬಾ ಅಂತ.

ಹೊಸ ಬಾಟಲಿ ಹಾಕಿದರೆ ಅದು ನಗರ-7 ಹೇಗಾಗುತ್ತದೆ? ಆದರೆ ಹಾಗೇ ಇಟ್ಟರೆ ಮತ್ತೆ ಅಟ್ಟಕ್ಕೇ ಹೋಗುತ್ತದೆ. ನಾನಿನ್ನೂ ಉತ್ತರ ಬರೆದಿಲ್ಲ. ಮೂರು ರೆಕ್ಕೆಯೂ ಇದೆಯಾ ಅಂತ ಕೇಳಲು ಬೆಳಿಗ್ಗೆ ಮರೆತೆ. ನೀಲಿ ಅಂಟು ಇನ್ನೂ ಕಾಣುತ್ತಿದೆಯಾ ಅಂತಲೂ.