20 ದಿನದ ಒಪ್ಪಂದ, 40 ದಿನದ ಡೇಟಾ

ವಿಶ್ವಬ್ಯಾಂಕಿನ ಯಾವುದೋ ತಂಡದಿಂದ ನಿಮ್ಮ ಗೈಡ್‌ಗೆ ಎರಡು ಸಾಲಿನ ಮೇಲ್ ಬರುತ್ತದೆ: ಸ್ಟೇಟಾ (ಅಂಕಿಅಂಶ ವಿಶ್ಲೇಷಿಸುವ ತಂತ್ರಾಂಶ) ಚೆನ್ನಾಗಿ ಬರುವ ಪಿಎಚ್‌ಡಿ ವಿದ್ಯಾರ್ಥಿ ಬೇಕು, 20 ದಿನದ ಕೆಲಸ. ಗೈಡ್ ಅದನ್ನು ನಿಮಗೆ ದಾಟಿಸುತ್ತಾರೆ. ಅಭಿವೃದ್ಧಿ ಅರ್ಥಶಾಸ್ತ್ರದಲ್ಲಿ ಅರೆಕಾಲಿಕ ಕೆಲಸ ಸಿಗುವುದು ಹೆಚ್ಚುಪಾಲು ಹೀಗೇ, ಜಾಹೀರಾತು ನೋಡಿ ಸಿಗುವುದು ಕಡಿಮೆ. ಹೂಂ ಅನ್ನುವ ಮುಂಚೆ ಆ 20 ಅನ್ನೋ ಸಂಖ್ಯೆ ಎಲ್ಲಿಂದ ಬಂತು ಅಂತ ವಿಚಾರಿಸಿ. ಬಹಳ ಸಲ ಉಳಿದಿರುವ ಬಜೆಟ್ಟನ್ನು ದಿನದ ದರದಿಂದ ಭಾಗಿಸಿದಾಗ ಬಂದ ಉತ್ತರ ಅದು. ಡೇಟಾ ಫೈಲನ್ನು ತೆರೆದು ನೋಡಿ ಹೇಳಿದ್ದಾಗಿರುವುದಿಲ್ಲ.

ಬ್ಯಾಂಕಿನ ಭಾಷೆಯಲ್ಲಿ ಇದು ಎಸ್‌ಟಿಸಿ, ಅಂದರೆ ಅಲ್ಪಾವಧಿ ಸಲಹೆಗಾರ. ಹೆಸರು ದೊಡ್ಡದು, ವ್ಯವಸ್ಥೆ ದಿನಗೂಲಿಯದು: ದುಡಿದ ದಿನಕ್ಕಷ್ಟೇ ದುಡ್ಡು, ಆರ್ಥಿಕ ವರ್ಷಕ್ಕೆ 150 ದಿನದ ಮಿತಿ. ಅವರ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಹಾಗಾಗಿ ಏಪ್ರಿಲ್, ಮೇ ಬಂತೆಂದರೆ ಇಂಥ ಮೇಲ್‌ಗಳು ಹೆಚ್ಚುತ್ತವೆ, ಅದೂ ಸರಿಯಾಗಿ ನಿಮ್ಮ ಪರೀಕ್ಷೆ, ಟರ್ಮ್ ಪೇಪರ್ ಹೊತ್ತಿಗೆ. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಅನ್ನೇ ಮುಚ್ಚಿದ ಮೇಲೆ ಅದರ ದುಡ್ಡಿನ ಮೇಲೆ ನಿಂತಿದ್ದ ಎಷ್ಟೋ ಯೋಜನೆಗಳೂ ನಿಂತವು. ಆದ್ದರಿಂದ ದುಡ್ಡು ಯಾವ ನಿಧಿಯದು, ಎಲ್ಲಿಯವರೆಗೆ ಇದೆ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಆಮೇಲೆ ವೀಸಾ. ಅಮೆರಿಕದಲ್ಲಿ ಎಫ್-1 ಎಂಬ ವಿದ್ಯಾರ್ಥಿ ವೀಸಾ ಮೇಲಿದ್ದರೆ ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನ ಒಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಅಸಿಸ್ಟೆಂಟ್‌ಶಿಪ್ ಸಾಮಾನ್ಯವಾಗಿ ಅಷ್ಟನ್ನೂ ನುಂಗಿರುತ್ತದೆ. ಇನ್ನೊಬ್ಬ ಪ್ರೊಫೆಸರ್ ಹತ್ತಿರ ವಾರಕ್ಕೆ 5 ಗಂಟೆಯ ಆರ್‌ಎ (ಸಂಶೋಧನಾ ಸಹಾಯಕ) ಕೆಲಸ ಹಿಡಿದರೂ ಮಿತಿ ದಾಟಿದಂತೆ. ಹೊರಗಿನ ಕೆಲಸಕ್ಕೆ ಸಿಪಿಟಿ, ಅಂದರೆ ಓದಿನ ಭಾಗವಾಗಿ ಹೊರಗೆ ದುಡಿಯುವ ಅನುಮತಿ, ಬೇಕು. ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿ ಆ ಸಂಸ್ಥೆಯ ಹೆಸರು, ತಾರೀಖು ನಮೂದಾಗುವ ತನಕ ಒಂದು ಸಾಲು ಕೋಡ್ ಕೂಡ ಬರೆಯಬಾರದು. ಪೂರ್ಣಾವಧಿ ಸಿಪಿಟಿ 12 ತಿಂಗಳು ಮುಟ್ಟಿದರೆ ಒಪಿಟಿ (ಸಾಮಾನ್ಯವಾಗಿ ಪದವಿ ಮುಗಿದ ಮೇಲೆ ದುಡಿಯುವ ಅನುಮತಿ) ಕೈಬಿಟ್ಟುಹೋಗುತ್ತದೆ. ಹೆಚ್ಚು ಜನ ಬಳಸದ ಇನ್ನೊಂದು ದಾರಿಯಿದೆ: ವಿಶ್ವಬ್ಯಾಂಕ್, ಐಎಂಎಫ್‌ನಂಥ ಅಂತರರಾಷ್ಟ್ರೀಯ ಸಂಸ್ಥೆಯೇ ಕೆಲಸ ಕೊಡುತ್ತಿದ್ದರೆ ಐ-765 ಎಂಬ ಕೆಲಸದ ಅನುಮತಿ ಅರ್ಜಿಯಲ್ಲಿ (ಸಿ)(3)(ಐಐ) ವರ್ಗದಡಿ ಪ್ರತ್ಯೇಕ ಅನುಮತಿ ಕೇಳಬಹುದು. ಅನುಮತಿಯ ಕಾರ್ಡ್ ಬರಲು ತಿಂಗಳುಗಟ್ಟಲೆ ಹಿಡಿಯಬಹುದು, ಜೂನ್ ಕೆಲಸಕ್ಕೆ ಮೇಯಲ್ಲಿ ಅರ್ಜಿ ಹಾಕಿ ಕೂತರೆ ಆಗದು. ಬ್ರಿಟನ್ನಿನ ಸ್ಟೂಡೆಂಟ್ ವೀಸಾದಲ್ಲಿ 20 ಗಂಟೆಯ ಮಿತಿಯ ಜೊತೆಗೆ ಸ್ವಯಂ ಉದ್ಯೋಗವೇ ನಿಷಿದ್ಧ. ಇನ್‌ವಾಯ್ಸ್ ಕಳಿಸಿ ದುಡ್ಡು ಪಡೆಯುವ ಸಲಹೆಗಾರ ಒಪ್ಪಂದ ಅಲ್ಲಿಗೇ ಬಿದ್ದುಹೋಗುತ್ತದೆ, ಸಂಬಳದ ಪಟ್ಟಿಗೆ ಸೇರಿಸಿಕೊಳ್ಳಿ ಅಂತ ಕೇಳಬೇಕು. ಯಾವ ದೇಶದಲ್ಲೇ ಇರಲಿ, ವಿಶ್ವವಿದ್ಯಾಲಯದ ವೀಸಾ ಕಚೇರಿಯ ಉತ್ತರ ಬಾಯಿಮಾತಿನಲ್ಲಿ ಸಾಲದು, ಮೇಲ್‌ನಲ್ಲಿ ಬರಲಿ.

ಈಗ 20 ದಿನ ಎಲ್ಲಿ ಹೋಗುತ್ತದೆ ನೋಡೋಣ. ಮನೆಮನೆ ಸಮೀಕ್ಷೆಯ ಎರಡು ಸುತ್ತಿನ ಡೇಟಾ ಜೋಡಿಸಿ, ಶುಚಿ ಮಾಡಿ, ಐದಾರು ಟೇಬಲ್ ಕೊಡುವ ಕೆಲಸ ಅಂದುಕೊಳ್ಳಿ. ಪ್ರಶ್ನಾವಳಿ ಮತ್ತು ಹಿಂದಿನವರ ಕೋಡ್ ಓದುವುದಕ್ಕೇ 3 ದಿನ. ಶುಚಿಗೆ 9, ಜೋಡಣೆಗೆ 4. ಟೇಬಲ್‌ಗೆ 2 ದಿನ ಸಾಕು. ಅಲ್ಲಿಗೆ 18 ಆಯಿತು. ಉಳಿದ 2 ದಿನದಲ್ಲಿ ಮೂರು ಜನ ಸಹಲೇಖಕರ ಕಾಮೆಂಟುಗಳು ಮುಗಿಯುವುದಿಲ್ಲ, ಅವಕ್ಕೆ ಕನಿಷ್ಠ 5 ಬೇಕು. ಎಲ್ಲರೂ ಟೇಬಲ್ ಲೆಕ್ಕ ಹಾಕುತ್ತಾರೆ, ಕಾಮೆಂಟನ್ನು ಯಾರೂ ಹಾಕುವುದಿಲ್ಲ. ಹಾಗಾಗಿ ಮೊದಲು 2 ದಿನದ ಕೆಲಸ ಮಾತ್ರ ಒಪ್ಪಿಕೊಂಡು, ಡೇಟಾ ನೋಡಿ, ಉಳಿದದ್ದಕ್ಕೆ ಅಂದಾಜು ಕೊಡುವುದು ಒಳ್ಳೆಯದು. ಒಂದು ದಿನ ಅಂದರೆ 8 ಗಂಟೆ. ಕ್ಲಾಸಿನ ನಡುವೆ 2 ಗಂಟೆ, ರಾತ್ರಿ 1 ಗಂಟೆ ಅಂತ ಕೆಲಸ ಮಾಡುವವರು ತಾರೀಖು, ಗಂಟೆ, ಫೈಲಿನ ಹೆಸರು ಅಂತ ಒಂದು ಶೀಟ್ ಇಟ್ಟುಕೊಳ್ಳದಿದ್ದರೆ ಒಂದಷ್ಟು ಭಾಗ ಬಿಟ್ಟಿ ದುಡಿಮೆಯಾಗುತ್ತದೆ. ಇಂಥ ಒಪ್ಪಂದಗಳಲ್ಲಿ ಬಹಳ ಸಲ ತೆರಿಗೆ ಮುರಿದುಕೊಂಡು ಕೊಡುವುದಿಲ್ಲ, ಬಂದದ್ದರಲ್ಲಿ ಒಂದು ಪಾಲು ಎತ್ತಿಡಿ.

ಶುಚಿಗೆ 9 ದಿನ ಯಾಕೆ ಅಂದರೆ, ಡೇಟಾ ಕೆಡುವುದು ಕಣ್ಣಿಗೆ ಕಾಣದ ಜಾಗದಲ್ಲಿ. ಮನೆಯ ಐಡಿಯನ್ನೇ ತೆಗೆದುಕೊಳ್ಳಿ: ರಾಜ್ಯದ ಕೋಡ್ 29, ಹಳ್ಳಿ 0112, ಮನೆ 345. ಸ್ಟೇಟಾದಲ್ಲಿ ಜನರೇಟ್ (ಹೊಸ ಕಾಲಂ ಮಾಡುವ) ಆಜ್ಞೆ ಕೊಟ್ಟು ಗುಣಿಸಿ ಕೂಡಿಸಿದರೆ 290112345 ಬರಬೇಕು. ಆದರೆ ಸಂಖ್ಯೆಯನ್ನು ಯಾವ ವಿಧದಲ್ಲಿ ಇಡಬೇಕು ಅಂತ ಹೇಳದಿದ್ದರೆ ಸ್ಟೇಟಾ ಅದನ್ನು ಫ್ಲೋಟ್ (ಕಡಿಮೆ ಜಾಗದ ದಶಮಾಂಶ ವಿಧ) ಆಗಿ ಇಡುತ್ತದೆ, ಫ್ಲೋಟ್‌ಗೆ 1,67,77,216ರ ಆಚೆ ಎಲ್ಲ ಪೂರ್ಣಾಂಕಗಳೂ ನಿಖರವಾಗಿ ಬರುವುದಿಲ್ಲ. ಒಳಗೆ ಕೂತಿರುವುದು 290112352. ಅಷ್ಟೇ ಅಲ್ಲ, ಮನೆ 337ರಿಂದ 367ರವರೆಗೆ ಎಲ್ಲವೂ ಅದೇ ಸಂಖ್ಯೆ: 31 ಮನೆಗೆ ಒಂದೇ ಬಾಗಿಲು! ಆಗ ಒಂದಕ್ಕೊಂದು ಮರ್ಜ್ (ಎರಡು ಫೈಲುಗಳ ಸಾಲುಗಳನ್ನು ಐಡಿಯಿಂದ ಜೋಡಿಸುವುದು) ಓಡುವುದಿಲ್ಲ. ಅವಸರದಲ್ಲಿದ್ದವರು ಎಂ-ಎಂ (ಹಲವಕ್ಕೆ ಹಲವು) ಮರ್ಜ್ ಹಾಕುತ್ತಾರೆ, ಅದು ಓಡುತ್ತದೆ, ಯಾರದೋ ಸಾಲ ಯಾರದೋ ಹೊಲಕ್ಕೆ ಅಂಟುತ್ತದೆ. ಎಂ-ಎಂ ಮರ್ಜ್ ಅನ್ನು ಯಾವತ್ತೂ ಮುಟ್ಟಬೇಡಿ. ಐಡಿಯನ್ನು ಲಾಂಗ್ (ದೊಡ್ಡ ಪೂರ್ಣಾಂಕದ ವಿಧ) ಅಂತ ಹೇಳಿ ಮಾಡಿ ಅಥವಾ ಸ್ಟ್ರಿಂಗ್, ಅಂದರೆ ಪಠ್ಯವಾಗಿ ಇಡಿ, ಪ್ರತಿ ಮರ್ಜ್‌ಗೆ ಮುಂಚೆ ಐಡಿ ಮರುಕಳಿಸಿಲ್ಲವೇ ಅಂತ ನೋಡುವ ಐಸಿಡ್ ಆಜ್ಞೆ ಓಡಿಸಿ.

ಇನ್ನೊಂದು: ಸ್ಟೇಟಾದಲ್ಲಿ ಖಾಲಿ ಉತ್ತರ ಎಲ್ಲ ಸಂಖ್ಯೆಗಿಂತ ದೊಡ್ಡದು. ಜಮೀನು 5 ಎಕರೆಗಿಂತ ಹೆಚ್ಚಿದ್ದರೆ 1 ಅಂತ ಬರೆದರೆ, ಉತ್ತರವನ್ನೇ ಕೊಡದವರೆಲ್ಲ ದೊಡ್ಡ ಹಿಡುವಳಿದಾರರಾಗಿ ಕೂರುತ್ತಾರೆ.

ಕರ್ನಾಟಕದ ಡೇಟಾ ಆದರೆ ಜಮೀನಿನ ಕಾಲಂ ಇನ್ನೂ ತಂಟೆ. ಪಹಣಿ ನೋಡಿ ಗಣತಿದಾರರು 2.20 ಅಂತ ಬರೆದಿರುತ್ತಾರೆ, 2 ಎಕರೆ 20 ಗುಂಟೆ ಅಂತ. ಎಕರೆಗೆ 40 ಗುಂಟೆ, ಅಂದರೆ ಅದು ಎರಡೂವರೆ ಎಕರೆ. ವಾಷಿಂಗ್ಟನ್‌ನಲ್ಲಿ ಕೂತವರು 2.2 ಅಂತ ಓದಿದರೆ ಶೇ 12ರಷ್ಟು ಜಮೀನು ಮಾಯ. ಎಕ್ಸೆಲ್ ಕೊನೆಯ ಸೊನ್ನೆಯನ್ನೂ ತಿನ್ನುವುದರಿಂದ 2 ಗುಂಟೆಯೋ 20 ಗುಂಟೆಯೋ ತಿಳಿಯದು. ಕಾಲಮ್ಮಿನ ದಶಮಾಂಶಗಳನ್ನು ಪಟ್ಟಿ ಮಾಡಿ ನೋಡಿ: .40 ಮತ್ತು ಮೇಲಿನವು ಒಂದೂ ಇಲ್ಲದಿದ್ದರೆ ಅದು ಗುಂಟೆಯೇ. ಗುಂಟೆಯೂ ದಶಮಾಂಶವೂ ಬೆರೆತಿದ್ದರೆ ಗಣತಿದಾರರ ಪ್ರಕಾರ ಬಿಡಿಸಿ ನೋಡಿ, ಒಬ್ಬೊಬ್ಬರದು ಒಂದೊಂದು ರೂಢಿ. ಮುಂದಿನ ಸುತ್ತಿಗೆ ಎಕರೆಗೊಂದು, ಗುಂಟೆಗೊಂದು ಖಾನೆ ಮಾಡಿಸಿ.

ಜಿಲ್ಲೆಯ ಹೆಸರಿನಿಂದ ಜೋಡಿಸುವುದೂ ಹೀಗೇ. 2001ರ ಜನಗಣತಿಯಲ್ಲಿ ನಮ್ಮಲ್ಲಿ 27 ಜಿಲ್ಲೆ, 2011ರಲ್ಲಿ 30. ರಾಮನಗರವನ್ನು ಬೆಂಗಳೂರು ಗ್ರಾಮಾಂತರಕ್ಕೆ, ಚಿಕ್ಕಬಳ್ಳಾಪುರವನ್ನು ಕೋಲಾರಕ್ಕೆ, ಯಾದಗಿರಿಯನ್ನು ಗುಲ್ಬರ್ಗಕ್ಕೆ ಮರಳಿ ಸೇರಿಸಿದರೇ ಹೋಲಿಕೆ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಆದರೆ ಛತ್ತೀಸ್‌ಗಢದಲ್ಲೂ ಒಂದು ಬಿಜಾಪುರ ಜಿಲ್ಲೆಯಿದೆ. ರಾಜ್ಯದ ಕೋಡ್ ಬಿಟ್ಟು ಬರೀ ಹೆಸರಿನಿಂದ ಮರ್ಜ್ ಮಾಡಿದವರಿಗೆ ಬಸ್ತರ್‌ನ ಕಾಡೂ ಭೀಮಾ ತೀರವೂ ಒಂದೇ.

ಕನ್ನಡ ಬಲ್ಲವರಿಗೆ ಸಿಗುವ ಒಂದು ಕೆಲಸ ಪ್ರಶ್ನಾವಳಿಯ ಅನುವಾದವನ್ನು ಪರಿಶೀಲಿಸುವುದು. ಅದನ್ನು ಅಗ್ಗಕ್ಕೆ ಒಪ್ಪಬೇಡಿ. "ನಿಮಗೆ ಸಾಲ ಇದೆಯೇ?" ಅಂತ ಕೇಳಿದರೆ ಬ್ಯಾಂಕು, ಸೊಸೈಟಿಯದಷ್ಟೇ ಹೇಳುವವರು ಬಹಳ. ಕೈಗಡ ಸಾಲವಲ್ಲ, ಸಂಘದ್ದು "ಸಂಘದ ದುಡ್ಡು". ಮೂರನ್ನೂ ಬೇರೆಬೇರೆಯಾಗಿ ಕೇಳಬೇಕು. ಹಾಗೆಯೇ "ಮನೆಯಲ್ಲಿ ಎಷ್ಟು ಜನ" ಅಂದರೆ ಒಂದೇ ಸೂರಿನಡಿ ಇರುವ ಎರಡು ಒಲೆಯವರನ್ನೂ ಕೂಡಿಸಿ ಹೇಳುತ್ತಾರೆ. ಒಂದೇ ಒಲೆಯಲ್ಲಿ ಉಣ್ಣುವವರು ಎಷ್ಟು ಅಂತ ಕೇಳಿ.

ಹೆಸರು, ಫೋನ್ ನಂಬರ್ ಇರುವ ಡೇಟಾ ತೆರೆಯುವ ಮುಂಚೆ ನೈತಿಕ ಸಮಿತಿಯ ಅನುಮತಿಯಲ್ಲಿ ನಿಮ್ಮ ಹೆಸರು ಸೇರಿರಬೇಕು. ಅದಕ್ಕೆ ವಾರಗಳೇ ಹಿಡಿಯುತ್ತವೆ, ಹಾಗಾಗಿ ಮೊದಲ ದಿನವೇ ಕೇಳಿ. ಜೊತೆಗೆ ಇನ್ನೆರಡು ಮಾತು ಬರಹದಲ್ಲಿ ಬರಲಿ: ಈ ಡೇಟಾವನ್ನು ನನ್ನ ಥೀಸಿಸ್‌ಗೆ ಬಳಸಬಹುದೇ, ಒಪ್ಪಂದ ಮುಗಿದ ಮೇಲೂ ಫೋಲ್ಡರ್ ತೆರೆದಿರುತ್ತದೆಯೇ. ಸಹಲೇಖಕತ್ವ ದಿನಗೂಲಿ ಕೆಲಸಕ್ಕೆ ಸಾಮಾನ್ಯವಾಗಿ ಸಿಗದು, ಅದರ ಆಸೆಗೆ ದರ ಇಳಿಸಬೇಡಿ. ಥೀಸಿಸ್‌ಗೆ ಬಳಸಲು ಸಿಕ್ಕರೆ ಮಾತ್ರ ಕಡಿಮೆ ದರಕ್ಕೂ ಅರ್ಥವಿದೆ.

ಕೊನೆಯ ಅರ್ಧ ದಿನವನ್ನು ಒಪ್ಪಿಸುವುದಕ್ಕೇ ಇಟ್ಟುಕೊಳ್ಳಿ. ಖಾಲಿ ಫೋಲ್ಡರಿನಲ್ಲಿ ಕಚ್ಚಾ ಡೇಟಾ ಹಾಕಿ, ಎಲ್ಲ ಕೋಡನ್ನೂ ಸರದಿಯಲ್ಲಿ ಓಡಿಸುವ ಮಾಸ್ಟರ್ ಡೂ-ಫೈಲನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಮೊದಲಿಂದ ಕೊನೆಯವರೆಗೆ ಓಡಿಸಿ. ವರ್ಷನ್ (ಸ್ಟೇಟಾದ ಯಾವ ಆವೃತ್ತಿ) ಮತ್ತು ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಆರಂಭ ಬಿಂದು) ಸಾಲುಗಳು ಮೇಲೇ ಇರಲಿ. ಟೇಬಲ್ 3ರ ಸಂಖ್ಯೆ ಎರಡನೇ ಸಲ ಬೇರೆ ಬಂದರೆ, ಸಾರ್ಟ್ ಮಾಡಿದ (ಕ್ರಮವಾಗಿ ಜೋಡಿಸಿದ) ಕಡೆ ಸಮಾನ ಮೌಲ್ಯದ ಸಾಲುಗಳು ಹಿಂದುಮುಂದಾಗಿವೆಯೇ ಅಂತ ಮೊದಲು ನೋಡಿ.